ಮಕ್ಕಳಿಂದ ಶಿಕ್ಷಕರತ್ತ ಬರುವ ದಾರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬಾನುಲಿಗೂ ಶಾಲೆಗೂ ಹಳೆಯ ನಂಟು. ಬಿಬಿಸಿ 1924ರಲ್ಲೇ ಬ್ರಿಟನ್ನಿನ ಶಾಲೆಗಳಿಗೆಂದು ಪಾಠಗಳನ್ನು ಪ್ರಸಾರ ಮಾಡತೊಡಗಿತ್ತು. ಒಬ್ಬ ಒಳ್ಳೆಯ ಶಿಕ್ಷಕರ ದನಿ ಒಂದೇ ಹೊತ್ತಿಗೆ ಎಷ್ಟೋ ತರಗತಿಗಳನ್ನು ಮುಟ್ಟುವುದು ಸಣ್ಣ ಸಂಗತಿಯಲ್ಲ. ಆದರೆ ಮೈಕಿನ ಮುಂದೆ ಕೂತವರಿಗೆ ಒಂದು ಕೊರತೆ ಉಳಿದೇ ಉಳಿಯುತ್ತದೆ. ಕೇಳುವವರ ಮುಖ ಕಾಣುವುದಿಲ್ಲ. ಎಲ್ಲಿ ತಲೆದೂಗಿದರು, ಎಲ್ಲಿ ಹುಬ್ಬು ಗಂಟಿಕ್ಕಿದರು, ಯಾವುದೂ ಗೊತ್ತಾಗುವುದಿಲ್ಲ. ಆಮೇಲೆ ಬಂದ ಟಿವಿ, ವಿಡಿಯೊ, ಪ್ರೊಜೆಕ್ಟರುಗಳದ್ದೂ ಇದೇ ಕಥೆ. ಮಗು ಕೊಟ್ಟ ಉತ್ತರವನ್ನು ತಾನೇ ತೆಗೆದುಕೊಂಡು ಅದಕ್ಕೆ ತಕ್ಕಂತೆ ಮುಂದುವರಿಯುವ ಯಂತ್ರಗಳ ಪ್ರಯತ್ನವೂ ಜೊತೆಗೇ ನಡೆದಿತ್ತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಶುರುವಾದ ಪ್ಲೇಟೊ ಎಂಬ ಕಂಪ್ಯೂಟರ್ ವ್ಯವಸ್ಥೆ ಅಂಥದ್ದು.

ಇವತ್ತು ಆ ಸೌಲಭ್ಯ ಒಂದು ಸಾಧಾರಣ ಫೋನಿನಲ್ಲೇ ಸಿಗುತ್ತದೆ. ಹಾಗಿದ್ದೂ ಎಷ್ಟೋ ತರಗತಿಗಳಲ್ಲಿ ಅಂತರ್ಜಾಲದ ಬಳಕೆ ಇನ್ನೂ ಒಮ್ಮುಖವಾಗಿಯೇ ಇದೆ. ವಿಡಿಯೊ ತೋರಿಸುತ್ತೇವೆ, ಸ್ಲೈಡು ಹಾಕುತ್ತೇವೆ, ಪಿಡಿಎಫ್ ಕಳಿಸುತ್ತೇವೆ. ಎಲ್ಲವೂ ಶಿಕ್ಷಕರಿಂದ ಮಕ್ಕಳ ಕಡೆಗೆ ಹೋಗುವಂಥವು. ಮಕ್ಕಳ ತಲೆಯೊಳಗೆ ಏನು ನಡೆದಿದೆ ಎಂಬುದು ಶಿಕ್ಷಕರತ್ತ ಬರುವ ದಾರಿ ಮಾತ್ರ ಪರೀಕ್ಷೆಯ ದಿನದವರೆಗೂ ಮುಚ್ಚಿರುತ್ತದೆ. ಡಿಜಿಟಲ್ ಸಲಕರಣೆಗಳ ದೊಡ್ಡ ಪ್ರಯೋಜನ ಆ ದಾರಿಯನ್ನು ತೆರೆಯುವುದು ಎಂದು ನಾನು ಬಲವಾಗಿ ನಂಬಿದ್ದೇನೆ.

ಒಂದು ಉದಾಹರಣೆ ಕೊಡುತ್ತೇನೆ. ಐದಾರನೇ ತರಗತಿಯಲ್ಲಿ ದಶಮಾಂಶ ಕಲಿಸುತ್ತಿದ್ದೀರಿ ಎಂದುಕೊಳ್ಳಿ. ಪಾಠದ ಕೊನೆಗೆ "ಅರ್ಥವಾಯಿತಾ?" ಎಂದು ಕೇಳಿದರೆ "ಆಯ್ತು" ಎಂಬ ಒಕ್ಕೊರಲ ಉತ್ತರ ಬರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಅದರ ಬದಲು ಫೋನಿನಲ್ಲೋ ಕಂಪ್ಯೂಟರಿನಲ್ಲೋ ತುಂಬುವಂಥ, ಎರಡೇ ಎರಡು ಪ್ರಶ್ನೆಗಳ ಒಂದು ಆನ್‌ಲೈನ್ ಫಾರಂ ಮಾಡಿ. ಮೊದಲನೆಯದು: 0.35 ಮತ್ತು 0.4, ಇವೆರಡರಲ್ಲಿ ಯಾವುದು ದೊಡ್ಡದು? ಎರಡನೆಯದು: 0.62 ಮತ್ತು 0.5, ಇವೆರಡರಲ್ಲಿ ಯಾವುದು ದೊಡ್ಡದು?

ಈ ಜೋಡಿಯ ಸೊಗಸು ನೋಡಿ. ಮೂವತ್ತೈದು ನಾಲ್ಕಕ್ಕಿಂತ ದೊಡ್ಡದಲ್ಲವೇ, ಅಂಕಿ ಜಾಸ್ತಿ ಇದ್ದರೆ ಸಂಖ್ಯೆ ದೊಡ್ಡದು ಎಂದು ನಂಬಿರುವ ಮಗು ಮೊದಲನೆಯದರಲ್ಲಿ ತಪ್ಪುತ್ತದೆ, ಎರಡನೆಯದರಲ್ಲಿ ಸರಿ ಉತ್ತರ ಕೊಡುತ್ತದೆ. ಇನ್ನೊಂದು ಮಗು ನೂರನೇ ಭಾಗ ಹತ್ತನೇ ಭಾಗಕ್ಕಿಂತ ಚಿಕ್ಕದು ಎಂದು ಕಲಿತು, ಹಾಗಾದರೆ ಅಂಕಿ ಜಾಸ್ತಿ ಇದ್ದಷ್ಟೂ ಸಂಖ್ಯೆ ಚಿಕ್ಕದು ಎಂದು ತೀರ್ಮಾನಿಸಿರುತ್ತದೆ. ಅದು ಮೊದಲನೆಯದಕ್ಕೆ ಸರಿ ಉತ್ತರ ಕೊಟ್ಟು ಎರಡನೆಯದರಲ್ಲಿ ಎಡವುತ್ತದೆ. ಇಬ್ಬರಿಗೂ ಎರಡಕ್ಕೆ ಒಂದೇ ಅಂಕ. ಅಂಕಪಟ್ಟಿ ನೋಡಿದರೆ ಇಬ್ಬರೂ ಸಮಾನರು. ಆದರೆ ಅವರ ಯೋಚನೆ ಒಂದಕ್ಕೊಂದು ತೀರಾ ವಿರುದ್ಧ. ಮರುದಿನ ಅವರಿಗೆ ಹೇಳಬೇಕಾದ ಮಾತೂ ಬೇರೆ ಬೇರೆ. ಫಾರಮಿನ ಉತ್ತರಗಳು ಸ್ಪ್ರೆಡ್‌ಶೀಟ್ ಎಂಬ ಕಂಪ್ಯೂಟರ್ ಕೋಷ್ಟಕದಲ್ಲಿ ಬಂದು ಕೂತಾಗ ಎರಡು ಕಾಲಮ್ಮುಗಳನ್ನು ಅಕ್ಕಪಕ್ಕ ಇಟ್ಟು ವಿಂಗಡಿಸಿದರೆ ಸಾಕು, ಯಾರು ಯಾವ ಗುಂಪಿನವರು ಎಂಬುದು ಕಣ್ಣಿಗೆ ಕಟ್ಟುತ್ತದೆ. ಪ್ರಶ್ನೆ ಬರೆಯುವ ಬುದ್ಧಿ ಶಿಕ್ಷಕರದ್ದು, ಅಷ್ಟೂ ಮಕ್ಕಳ ಉತ್ತರ ಒಟ್ಟುಹಾಕಿ ಜೋಡಿಸುವ ದುಡಿಮೆ ಯಂತ್ರದ್ದು. ಈ ಹಂಚಿಕೆ ನನಗೆ ಬಹಳ ಇಷ್ಟ.

ಮಕ್ಕಳ ಕೈಯಲ್ಲಿ ಫೋನ್ ಇಲ್ಲ, ಶಾಲೆಯಲ್ಲಿ ಕಂಪ್ಯೂಟರ್ ಕೋಣೆ ಇಲ್ಲ ಎನ್ನುವವರಿಗೂ ಒಂದು ಉಪಾಯವಿದೆ. ಪ್ಲಿಕರ್ಸ್ ಎಂಬ ಸಲಕರಣೆಯಲ್ಲಿ ಪ್ರತಿ ಮಗುವಿಗೂ ಕಾಗದದಲ್ಲಿ ಮುದ್ರಿಸಿದ ಒಂದು ಚೌಕ ಚಿತ್ರ ಕೊಡುತ್ತಾರೆ. ಅದರ ನಾಲ್ಕು ಅಂಚುಗಳಲ್ಲಿ ಎ, ಬಿ, ಸಿ, ಡಿ ಎಂದು ಸಣ್ಣದಾಗಿ ಬರೆದಿರುತ್ತದೆ. ತನ್ನ ಉತ್ತರದ ಅಂಚು ಮೇಲೆ ಬರುವಂತೆ ಮಗು ಚೀಟಿಯನ್ನು ತಿರುಗಿಸಿ ಎತ್ತಿ ಹಿಡಿಯುತ್ತದೆ. ಶಿಕ್ಷಕರು ತಮ್ಮ ಫೋನಿನ ಕ್ಯಾಮೆರಾವನ್ನು ತರಗತಿಯ ಉದ್ದಕ್ಕೂ ಹಾಯಿಸಿದರೆ ಎಲ್ಲರ ಉತ್ತರವೂ ದಾಖಲಾಗುತ್ತದೆ. ಒಬ್ಬೊಬ್ಬರ ಚಿತ್ರವೂ ಬೇರೆಯಾದ್ದರಿಂದ ಪಕ್ಕದವರನ್ನು ನೋಡಿ ತಿರುಗಿಸುವುದು ಸುಲಭವಲ್ಲ. ಎಂದೂ ಕೈಯೆತ್ತದ, ಹಿಂದಿನ ಬೆಂಚಿನಲ್ಲಿ ತೆಪ್ಪಗೆ ಕೂರುವ ಮಗುವೂ ಇಲ್ಲಿ ಉತ್ತರ ಕೊಟ್ಟಿರುತ್ತದೆ. ಇಡೀ ತರಗತಿಗೆ ಒಂದೇ ಒಂದು ಫೋನ್ ಸಾಕು. ದುಬಾರಿ ಸಲಕರಣೆಗಳ ಬಗ್ಗೆ ಕೇಳಿಬರುವ ಉತ್ಸಾಹದಲ್ಲಿ ಕಾಲುಭಾಗ ಇದಕ್ಕೆ ಸಿಕ್ಕರೂ ಸಾಕಿತ್ತು.

ಉತ್ತರ ಬಂದ ಮೇಲೆ ಏನು ಮಾಡಬೇಕು? ಇದಕ್ಕೆ ಹಾರ್ವರ್ಡಿನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದ ಆರಂಭದಲ್ಲಿ ರೂಪಿಸಿದ ಕ್ರಮ ಇಂದಿಗೂ ಒಳ್ಳೆಯ ಮಾರ್ಗದರ್ಶಿ. ಒಂದು ಪ್ರಶ್ನೆ ಕೇಳುವುದು, ಪ್ರತಿಯೊಬ್ಬರೂ ತಾವೇ ಯೋಚಿಸಿ ಉತ್ತರಿಸುವುದು. ಸುಮಾರು ಶೇಕಡಾ 70ಕ್ಕಿಂತ ಹೆಚ್ಚು ಮಂದಿ ಸರಿಯಿದ್ದರೆ ಚುಟುಕಾಗಿ ವಿವರಿಸಿ ಮುಂದೆ ಹೋಗುವುದು. ಶೇಕಡಾ 30ಕ್ಕಿಂತ ಕಡಿಮೆಯಾದರೆ ಪಾಠವನ್ನೇ ಮತ್ತೆ ಹೇಳುವುದು. ನಡುವೆ ಇದ್ದರೆ ಉತ್ತರ ಬಿಟ್ಟುಕೊಡದೆ, "ಪಕ್ಕದವರ ಜೊತೆ ಚರ್ಚಿಸಿ, ನಿಮ್ಮ ಉತ್ತರ ಯಾಕೆ ಸರಿ ಅಂತ ಒಪ್ಪಿಸಿ" ಎಂದು ಹೇಳಿ, ಮತ್ತೊಮ್ಮೆ ಉತ್ತರ ಪಡೆಯುವುದು. ಆ ಎರಡು ಮೂರು ನಿಮಿಷ ತರಗತಿ ಗಲಗಲ ಎನ್ನುತ್ತದೆ. ಆ ಗದ್ದಲ ಕಲಿಕೆಯದ್ದು. ಪರದೆ ಆಗ ಸುಮ್ಮನಿರಬೇಕು.

ಇಂಥ ಪ್ರಶ್ನೆಗಳಿಗೆ ಇನ್ನೊಂದು ಉಪಯೋಗವೂ ಇದೆ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಬರಹವನ್ನು ನಾಲ್ಕು ಅವಧಿಗಳಲ್ಲಿ ಓದಿದರು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪುಸ್ತಕ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರದ್ದೇ ಮೇಲುಗೈ: ಶೇಕಡಾ 83 ನೆನಪಿತ್ತು, ನೆನಪಿನಿಂದ ಬರೆದವರಿಗೆ 71. ಒಂದು ವಾರ ಬಿಟ್ಟು ಕೇಳಿದಾಗ ಓದಿದವರದ್ದು 40ಕ್ಕೆ ಇಳಿದಿತ್ತು, ನೆನಪಿಸಿಕೊಂಡು ಬರೆದವರದ್ದು 61ರಲ್ಲಿತ್ತು. ಹಾಗಾಗಿ ಅಂಕಕ್ಕೆ ಸೇರದ, ಭಯ ಹುಟ್ಟಿಸದ ಸಣ್ಣ ಕ್ವಿಜ್ ಪಾಠದ ಭಾಗವೇ. ಹೋದ ವಾರದ್ದು ಎರಡು, ಹೋದ ತಿಂಗಳದ್ದು ಒಂದು ಪ್ರಶ್ನೆ ಸೇರಿಸಿ ಒಂದು ಫಾರಂ ಇಟ್ಟುಕೊಂಡರೆ ಮರೆವಿಗೆ ತಡೆ ಬೀಳುತ್ತದೆ. ಆಟದಂತೆ ನಡೆಯುವ ಕಹೂಟ್‌ನಂಥ ಕ್ವಿಜ್‌ಗಳು ಮಕ್ಕಳಿಗೆ ಅಚ್ಚುಮೆಚ್ಚು, ನಿಜ. ಆದರೆ ಬೇಗ ಒತ್ತಿದವರಿಗೆ ಹೆಚ್ಚು ಅಂಕ, ಯಾರು ಮುಂದೆ ಎಂಬ ಪಟ್ಟಿ ದೊಡ್ಡ ಪರದೆಯ ಮೇಲೆ, ಇವೆರಡೂ ನಿಧಾನವಾಗಿ ಸರಿಯಾಗಿ ಯೋಚಿಸುವ ಮಗುವಿಗೆ ಅನ್ಯಾಯ ಮಾಡುತ್ತವೆ. ಸಮಯವನ್ನು ಸಡಿಲಿಸಿ, ಪಟ್ಟಿಯನ್ನು ಮರೆಮಾಡಿ. ಕೆಳಗಿರುವ ಹೆಸರುಗಳನ್ನು ಎಲ್ಲರೆದುರು ತೋರಿಸುವ ಹಕ್ಕು ನಮಗಿಲ್ಲ.

ಇನ್ನು ಮಾಡಿ ನೋಡುವ ಸಲಕರಣೆಗಳು. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಫೆಟ್ ಯೋಜನೆಯ ಸಿಮ್ಯುಲೇಶನ್‌ಗಳು, ಅಂದರೆ ಪರದೆಯ ಮೇಲೇ ಮಾಡಿ ನೋಡುವ ಅಣಕು ಪ್ರಯೋಗಗಳು, ಉಚಿತ. ಅವುಗಳಲ್ಲಿ ಬ್ಯಾಟರಿ, ತಂತಿ, ಬಲ್ಬುಗಳನ್ನು ಪರದೆಯ ಮೇಲೆ ಜೋಡಿಸುವ ಒಂದು ಪ್ರಯೋಗಾಲಯವಿದೆ. ಎರಡು ಒಂದೇ ರೀತಿಯ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ? ಮೊದಲನೆಯ ಬಲ್ಬು ಸ್ವಲ್ಪ ವಿದ್ಯುತ್ತನ್ನು ಖರ್ಚು ಮಾಡಿಬಿಡುತ್ತದೆ, ಎರಡನೆಯದಕ್ಕೆ ಉಳಿದದ್ದಷ್ಟೇ ಸಿಗುತ್ತದೆ ಎಂಬುದು ಮಕ್ಕಳಲ್ಲಿ ಆಳವಾಗಿ ಬೇರೂರಿದ ಕಲ್ಪನೆ. ಸ್ವಿಚ್ ಒತ್ತುವ ಮುಂಚೆ ಪ್ರತಿಯೊಬ್ಬರೂ ತಮ್ಮ ಊಹೆಯನ್ನು, ಅದಕ್ಕೆ ಕಾರಣವನ್ನು ಬರೆದಿಡಲಿ. ಆಮೇಲೆ ಎರಡೂ ಬಲ್ಬುಗಳು ಸಮವಾಗಿ ಬೆಳಗುತ್ತವೆ. ವಿದ್ಯುತ್ ಪ್ರವಾಹವನ್ನು ಅಳೆಯುವ ಅಮ್ಮೀಟರನ್ನು ಮೊದಲನೆಯದರ ಹಿಂದೆ, ನಡುವೆ, ಎರಡನೆಯದರ ಮುಂದೆ ಎಲ್ಲಿಟ್ಟರೂ ಅದೇ ಅಳತೆ ತೋರಿಸುತ್ತದೆ. ಬರೆದಿಟ್ಟ ಊಹೆ ಸುಳ್ಳಾದಾಗ ಹುಟ್ಟುವ "ಯಾಕೆ?" ಎಂಬ ಪ್ರಶ್ನೆ ಮಗುವಿನದ್ದೇ ಆಗಿರುತ್ತದೆ. ಊಹೆ ಬರೆಸದೆ ತೋರಿಸಿದರೆ ಅದೇ ಸಿಮ್ಯುಲೇಶನ್ ಇನ್ನೊಂದು ವಿಡಿಯೊ ಆಗಿಬಿಡುತ್ತದೆ. ನಿಜವಾದ ಬಲ್ಬು, ತಂತಿ ಸಿಕ್ಕರೆ ಅವನ್ನೇ ಬಳಸಿ, ಅದಕ್ಕೆ ಯಾವ ಪರದೆಯೂ ಸಮವಲ್ಲ.

ಜ್ಯಾಮಿತಿಗೆ ಜಿಯೊಜೀಬ್ರಾ ಎಂಬ ತಂತ್ರಾಂಶ ಇದೆ. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ತಮ್ಮ ವಿದ್ಯಾರ್ಥಿ ದಿನಗಳಲ್ಲೇ ಶುರುಮಾಡಿದ ಕೆಲಸ ಅದು. ತ್ರಿಭುಜದ ಒಂದು ಶೃಂಗವನ್ನು ಹಿಡಿದು ಎಳೆದರೆ ಆಕಾರ ಬದಲಾಗುತ್ತಲೇ ಇರುತ್ತದೆ, ಶೃಂಗದಿಂದ ಎದುರಿನ ಬಾಹುವಿನ ನಡುಬಿಂದುವಿಗೆ ಎಳೆದ ಮೂರು ಮಧ್ಯರೇಖೆಗಳು ಮಾತ್ರ ಒಂದೇ ಬಿಂದುವಿನಲ್ಲಿ ಸೇರುವುದನ್ನು ಬಿಡುವುದಿಲ್ಲ. ಅದು ಗಣಿತದ ರುಜುವಾತಲ್ಲ, ರುಜುವಾತು ಮಾಡಬೇಕು ಎಂಬ ಆಸೆ ಹುಟ್ಟಿಸುವ ನೋಟ.

ತರಗತಿಯ ವ್ಯವಸ್ಥೆಯ ಬಗ್ಗೆ ಹೇಳುವುದಾದರೆ ಒಂದು ಮಾತು ಎಲ್ಲಕ್ಕಿಂತ ಮುಖ್ಯ. ಮಕ್ಕಳು ಮತ್ತು ಪೋಷಕರು ನೋಡಬೇಕಾದ ಜಾಗ ಒಂದೇ ಇರಲಿ. ಮನೆಗೆಲಸ ಒಂದು ಕಡೆ, ವೇಳಾಪಟ್ಟಿ ಮತ್ತೊಂದು ಕಡೆ, ತಿದ್ದುಪಡಿ ವಾಟ್ಸಾಪ್ ಗುಂಪಿನ ನೂರು ಶುಭಾಶಯಗಳ ನಡುವೆ, ಹೀಗಾದರೆ ಹುಡುಕುವುದರಲ್ಲೇ ಸಂಜೆ ಕಳೆಯುತ್ತದೆ. ಗೂಗಲ್ ಕ್ಲಾಸ್‌ರೂಮ್ ಆಗಲಿ, ಶಾಲೆಯೇ ತನ್ನ ಸರ್ವರಿನಲ್ಲಿ ನಡೆಸಬಹುದಾದ ಮುಕ್ತ ತಂತ್ರಾಂಶ ಮೂಡಲ್ ಆಗಲಿ, ಯಾವುದನ್ನು ಆರಿಸಿಕೊಂಡರೂ ಎಲ್ಲ ವಿಷಯಗಳ ಶಿಕ್ಷಕರೂ ಅದೇ ಒಂದನ್ನು ಬಳಸಲಿ. ಗುಂಪು ಬೇಕೇಬೇಕು ಎಂದಾದರೆ ಶಿಕ್ಷಕರು ಮಾತ್ರ ಬರೆಯಬಲ್ಲ ಪ್ರಕಟಣೆಯ ಗುಂಪು ಸಾಕು. ಫೈಲಿಗೆ ಹೆಸರಿಡುವಾಗ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ದಿನಾಂಕ ಮೊದಲು ಹಾಕಿ, ಆಮೇಲೆ ತರಗತಿ, ಪಾಠ. ಫೋಲ್ಡರಿನಲ್ಲಿ ಅವು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ರಾತ್ರಿ ಹತ್ತಕ್ಕೆ ಬರೆದ ಸೂಚನೆಯನ್ನು ಬೆಳಿಗ್ಗೆ ಹೋಗುವಂತೆ ಹೊಂದಿಸಿಡಿ. ಸಣ್ಣ ವಿಷಯ ಇದು, ಮಕ್ಕಳ ನಿದ್ದೆಗೂ ನಿಮ್ಮದಕ್ಕೂ ಒಳ್ಳೆಯದು.

ಮಕ್ಕಳು ಗುಂಪಾಗಿ ಬರೆಯುವ ಕೆಲಸಕ್ಕೆ ಹಂಚಿಕೊಂಡ ಡಾಕ್ಯುಮೆಂಟ್ ಬಲು ಅನುಕೂಲ. ಯಾರು ಯಾವಾಗ ಏನು ಬರೆದರು, ಏನು ಅಳಿಸಿದರು ಎಂಬ ಇತಿಹಾಸ ಅದರಲ್ಲೇ ಉಳಿದಿರುತ್ತದೆ. ಕೊನೆಯ ಪ್ರತಿಗಿಂತ ಆ ಇತಿಹಾಸವೇ ಹೆಚ್ಚು ಕಲಿಸುತ್ತದೆ. ಒಂದು ಪ್ಯಾರಾ ಮೂರು ಸಲ ಹೇಗೆ ಬದಲಾಯಿತು ಎಂದು ಮಗುವಿನ ಜೊತೆ ಕೂತು ನೋಡಿ. ತಿದ್ದುವಾಗ ಪ್ರತಿ ತಪ್ಪಿಗೂ ಟಿಪ್ಪಣಿ ಹಾಕುವುದಕ್ಕಿಂತ ಒಂದೆರಡು ಕಡೆ "ಇಲ್ಲಿ ಓದುಗನಿಗೆ ಏನು ತಿಳಿಯಬೇಕು?" ಎಂದು ಕೇಳಿ, ಮತ್ತೆ ಬರೆಯಲು ಸಮಯ ಕೊಡುವುದು ಫಲಕಾರಿ.

ಎಐ ಸಲಕರಣೆಗಳು ಪ್ರಶ್ನೆಪತ್ರಿಕೆಯ ಕರಡು ಬರೆದುಕೊಡುತ್ತವೆ. ಬಳಸಿ, ಆದರೆ ಪ್ರತಿ ಪ್ರಶ್ನೆಯನ್ನೂ ನೀವೇ ಬಿಡಿಸಿ ನೋಡಿ. ತಪ್ಪನ್ನೂ ಅವು ಅಷ್ಟೇ ಧೈರ್ಯದಿಂದ ಬರೆಯುತ್ತವೆ. ಮಕ್ಕಳ ಹೆಸರು, ಅಂಕ, ಮನೆಯ ವಿವರ ಅವುಗಳಿಗೆ ಕೊಡಬೇಡಿ. ಯಾವ ಸೇವೆಗೇ ಆಗಲಿ, ಮಗುವಿನ ಬಗ್ಗೆ ಕೆಲಸಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೇಳಬೇಡಿ. ಎಷ್ಟೋ ಸೇವೆಗಳು 13 ವರ್ಷಕ್ಕಿಂತ ಚಿಕ್ಕವರು ತಾವಾಗಿ ಖಾತೆ ತೆರೆಯಲು ಬಿಡುವುದಿಲ್ಲ. ಆ ನಿಯಮ ದಾಟಲು ಸುಳ್ಳು ವಯಸ್ಸು ಹಾಕುವುದನ್ನು ನಾವೇ ಕಲಿಸಬಾರದು.

ಸಂಪರ್ಕವೇ ಸಿಗದ ಕಡೆಗೂ ದಾರಿಯಿದೆ. ಕೀವಿಕ್ಸ್ ಎಂಬ ತಂತ್ರಾಂಶ ವಿಕಿಪೀಡಿಯವನ್ನು ಇಡಿಯಾಗಿ ಇಳಿಸಿಕೊಂಡು ಅಂತರ್ಜಾಲವಿಲ್ಲದೆ ಓದಲು ಬಿಡುತ್ತದೆ. ಕೋಲಿಬ್ರಿ ಎಂಬುದು ಪಾಠಗಳನ್ನೂ ಅಭ್ಯಾಸಗಳನ್ನೂ ಒಂದು ಕಂಪ್ಯೂಟರಿನಲ್ಲಿಟ್ಟು ಶಾಲೆಯೊಳಗಿನ ವೈಫೈ ಮೂಲಕ ಹಂಚುತ್ತದೆ. ಮಗು ಎಲ್ಲಿಯವರೆಗೆ ಕಲಿತಿದೆ ಎಂಬುದನ್ನೂ ಶಿಕ್ಷಕರಿಗೆ ತೋರಿಸುತ್ತದೆ. ಹಾಗಿದ್ದರೂ ಮನೆಯಲ್ಲಿ ಫೋನ್ ಇಲ್ಲದ ಒಂದು ಮಗುವಾದರೂ ತರಗತಿಯಲ್ಲಿದ್ದರೆ ಆನ್‌ಲೈನ್ ಕೆಲಸ ಮನೆಗೆ ಹೋಗಬಾರದು, ಶಾಲೆಯ ಹೊತ್ತಿನಲ್ಲೇ ಮುಗಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊನೆಗೆ ಒಂದು ಎಚ್ಚರಿಕೆ. ಈ ಸೇವೆಗಳು ಶಾಶ್ವತವಲ್ಲ. ಲಕ್ಷಾಂತರ ಶಿಕ್ಷಕರು ಬಳಸುತ್ತಿದ್ದ ಎಡ್ಮೋಡೊ ಎಂಬ ಆನ್‌ಲೈನ್ ತರಗತಿಯ ಸೇವೆ 2022ರಲ್ಲಿ ಮುಚ್ಚಿತು. ಗೂಗಲಿನ ಜ್ಯಾಮ್‌ಬೋರ್ಡ್ ಎಂಬ ಡಿಜಿಟಲ್ ಬರೆಯುವ ಹಲಗೆ 2024ರ ಕೊನೆಗೆ ನಿಂತಿತು. ವರ್ಷಗಟ್ಟಲೆ ಯೋಚಿಸಿ ಕಟ್ಟಿದ ಪ್ರಶ್ನೆಗಳು ಒಂದು ಕಂಪನಿಯ ತೀರ್ಮಾನದ ಜೊತೆ ಹೋಗಬಾರದು. ಪ್ರಶ್ನೆ, ಅದರ ಆಯ್ಕೆಗಳು, ಪ್ರತಿ ತಪ್ಪು ಆಯ್ಕೆಯ ಹಿಂದಿರುವ ಮಗುವಿನ ಯೋಚನೆ, ಇವಿಷ್ಟನ್ನು ಒಂದು ಸರಳ ಸ್ಪ್ರೆಡ್‌ಶೀಟಿನಲ್ಲಿ ಬರೆದು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಪ್ರತಿ ಶೈಕ್ಷಣಿಕ ಅವಧಿ ಮುಗಿದಾಗ ಸೇವೆಯಿಂದ ಎಲ್ಲವನ್ನೂ ಇಳಿಸಿಕೊಳ್ಳಿ, ಮಕ್ಕಳ ಹೆಸರಿರುವ ಹಳೆಯ ದಾಖಲೆಗಳನ್ನು ಅಳಿಸಿ. ಪ್ರಶ್ನೆಗಳನ್ನು ಬರೆದಿಟ್ಟ ಆ ಸ್ಪ್ರೆಡ್‌ಶೀಟನ್ನು ಪಕ್ಕದ ತರಗತಿಯ ಶಿಕ್ಷಕರಿಗೂ ಕೊಡಿ. ದಶಮಾಂಶದ ಆ ಎರಡು ಪ್ರಶ್ನೆಗಳಿಂದಲೇ ನಾಳೆ ಶುರುಮಾಡಬಹುದು.

ನಮಸ್ಕಾರ.