ಬ್ಯಾಟರಿ ಬಿಟ್ಟ ಬುಲೆಟ್, ಬ್ಯಾಟರಿ ಬಿಡದ ಯೆಜ್ಡಿ

ಕೇಳುಗರಿಗೆ ನಮಸ್ಕಾರ. ವಾರಕ್ಕೊಮ್ಮೆ ಹತ್ತು ಕಿಲೋಮೀಟರ್ ಓಡುವ ಹಳೆಯ ಗಾಡಿಯಲ್ಲಿ ಬ್ಯಾಟರಿ ಓಡಿ ತುಂಬುವುದಕ್ಕಿಂತ ನಿಂತು ಇಳಿಯುವುದೇ ಹೆಚ್ಚು. ಕಾಲಲ್ಲಿ ಒದ್ದು ಶುರು ಮಾಡುವ ಗಾಡಿಗೆ ಬ್ಯಾಟರಿ ಯಾಕೆ ಬೇಕು? ಕೆಲವಕ್ಕೆ ಬೇಡ, ಕೆಲವಕ್ಕೆ ಬೇಕೇ ಬೇಕು. ಯಾವುದಕ್ಕೆ ಎಂಬುದನ್ನು ಎಂಜಿನ್ ಕವರಿನೊಳಗೆ ನೋಡಿಯೇ ಹೇಳಬೇಕು.

ಯಮಹಾ ಆರ್‌ಎಕ್ಸ್ 100ರ ಕಿಡಿ ಬ್ಯಾಟರಿಯನ್ನು ನೆಚ್ಚಿಕೊಂಡದ್ದಲ್ಲ. ಅದರ ಚಿಂತೆ ಬಿಡಿ. ಕಿಡಿಗಾಗಿ ಪಾಯಿಂಟ್ ಎಂಬ ತೆರೆದು ಮುಚ್ಚುವ ಸ್ವಿಚ್ ಮತ್ತು ವೋಲ್ಟೇಜ್ ಏರಿಸುವ ಕಾಯಿಲ್ ಇರುವ ಹಳೆಯ 12 ವೋಲ್ಟ್ ಬುಲೆಟ್‌ನಲ್ಲಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಇದೆ. ಅದರೊಳಗೆ ತಿರುಗುವ ಭಾಗ, ಅಂದರೆ ರೋಟರ್, ಶಾಶ್ವತ ಅಯಸ್ಕಾಂತ. ಒದ್ದ ಮೊದಲ ಸುತ್ತಿನಿಂದಲೇ ಕರೆಂಟ್ ಹುಟ್ಟುತ್ತದೆ. ಆದರೆ ಅದು ಅಲೆಅಲೆಯಾಗಿ ಬರುತ್ತದೆ. ಅಲೆಗಳ ನಡುವಿನ ತಗ್ಗು ತುಂಬಲು ಬ್ಯಾಟರಿಯ ಜಾಗದಲ್ಲಿ ಕರೆಂಟನ್ನು ಕ್ಷಣಕಾಲ ಹಿಡಿದಿಟ್ಟು ಕೊಡುವ ದೊಡ್ಡ ಕೆಪಾಸಿಟರ್ ಒಂದನ್ನು ಕೂರಿಸಿದರೆ ಸಾಕು. 1960ರ ದಶಕದ ಬ್ರಿಟಿಷ್ ಗಾಡಿಗಳಿಗೆ ಲ್ಯೂಕಸ್ ಕಂಪನಿ 2ಎಂಸಿ ಎಂಬ ಹೆಸರಿನಲ್ಲಿ ಇದನ್ನೇ ಮಾರುತ್ತಿತ್ತು.

ಎಷ್ಟು ದೊಡ್ಡದು? ಕೆಪಾಸಿಟರಿನ ಅಳತೆ ಮೈಕ್ರೋಫ್ಯಾರಡ್. ಲೆಕ್ಕ ಹಾಕೋಣ. ಕಾಯಿಲ್ ಸುಮಾರು 3 ಆಂಪಿಯರ್ ಎಳೆಯುತ್ತದೆ. 12 ವೋಲ್ಟ್ ತುಂಬಿದ 10,000 ಮೈಕ್ರೋಫ್ಯಾರಡ್ ಕೆಪಾಸಿಟರ್ ಅಷ್ಟು ಕರೆಂಟನ್ನು ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲು ಹೊತ್ತು ಮಾತ್ರ ಕೊಡಬಲ್ಲದು, ಅದೂ ಬರಿದಾಗುತ್ತಾ. ಕಿಕ್ ಹೊಡೆದಾಗ ಎಂಜಿನ್ ನಿಮಿಷಕ್ಕೆ 300 ಸುತ್ತು ತಿರುಗಿತು ಎನ್ನಿ. ಆರು ಧ್ರುವದ ರೋಟರ್ ಇದ್ದರೆ ಸೆಕೆಂಡಿನ ನೂರರಲ್ಲಿ ಸುಮಾರು ಮೂರು ಪಾಲಿಗೊಂದು ಅಲೆ ಬರುತ್ತದೆ. ಹೀಗೆ ಸ್ವಲ್ಪದರಲ್ಲಿ ದಾಟುತ್ತೇವೆ. 4,700ರಲ್ಲೂ ಗಾಡಿ ಹತ್ತುವುದುಂಟು, ಆದರೆ ರೋಟರಿನ ಅಯಸ್ಕಾಂತ ಸೊರಗಿದ್ದರೆ ಕಾಲು ಸೋಲುತ್ತದೆ. 10,000 ಮೈಕ್ರೋಫ್ಯಾರಡ್, 63 ವೋಲ್ಟ್, 105 ಡಿಗ್ರಿ ತಾಳುವಂಥದ್ದನ್ನು ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲಿ ಕೊಳ್ಳಿ. ಗ್ಯಾರೇಜಿನಲ್ಲಿ ‘ಕಂಡೆನ್ಸರ್’ ಎಂದು ಕೇಳಿದರೆ ಪಾಯಿಂಟ್ ಪಕ್ಕದ ಪುಟ್ಟ ಡಬ್ಬಿ ಕೈಗೆ ಬರುತ್ತದೆ. ಅದರದ್ದು ಒಂದು ಮೈಕ್ರೋಫ್ಯಾರಡ್ ಕೂಡ ಇರುವುದಿಲ್ಲ.

ಬ್ಯಾಟರಿಯ ಪ್ಲಸ್‌ಗೆ ಹೋಗುತ್ತಿದ್ದ ವೈರನ್ನು, ಫ್ಯೂಸ್ ಹಾಗೇ ಇರಲಿ, ಕೆಪಾಸಿಟರಿನ ಪ್ಲಸ್‌ಗೆ ಕೊಡಿ. ಮೈಮೇಲೆ ಪಟ್ಟಿ ಎಳೆದಿರುವ ಕಡೆ ಮೈನಸ್. ಅದು ಫ್ರೇಮಿಗೆ, ಬಣ್ಣ ಕೆರೆದು ಹೊಳೆಯುವ ಲೋಹಕ್ಕೆ. ತಿರುಗಾಮುರುಗಾ ಆದರೆ ಡಬ್ಬಿ ಉಬ್ಬಿ ಸಿಡಿಯುತ್ತದೆ. ಬ್ರಿಟನ್ನಿನ ಅನೇಕ ಹಳೆಯ ಗಾಡಿಗಳಲ್ಲಿ ಪ್ಲಸ್ ಫ್ರೇಮಿಗಿರುತ್ತದೆ ಎಂಬುದೂ ನೆನಪಿರಲಿ. ಬುಲೆಟ್ ನಡುಕಕ್ಕೆ ಕೆಪಾಸಿಟರಿನ ಕಾಲುಗಳು ಮುರಿಯುವುದರಿಂದ ಸೈಕಲ್ ಟ್ಯೂಬಿನ ತುಂಡು ಸುತ್ತಿ, ವೈರಿಗೆ ಕೊಂಚ ಸಡಿಲ ಬಿಟ್ಟು, ಬಿಗಿಯಾಗಿ ಕಟ್ಟಿ. ಬಿಚ್ಚುವ ಮುನ್ನ ಇಂಡಿಕೇಟರ್ ಬಲ್ಬ್ ಒಂದನ್ನು ಎರಡು ತುದಿಗೆ ತಾಗಿಸಿ ಖಾಲಿ ಮಾಡಿ.

ಕೆಪಾಸಿಟರ್ ಕೂಡ ಇಲ್ಲದೆ ಬರೀ ವೈರ್ ಬಿಟ್ಟು ಓಡಿಸುವವರಿದ್ದಾರೆ. ತಡೆಯುವ ಗೋಡೆಯೇ ಇಲ್ಲದ ವೋಲ್ಟೇಜ್ ಚಿಮ್ಮಿ ಮೊದಲು ಬಲ್ಬು, ಆಮೇಲೆ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಸುಡುತ್ತದೆ. ಹೊಸ ರೆಗ್ಯುಲೇಟರುಗಳಲ್ಲಿ ಕೆಲವು ಬ್ಯಾಟರಿ ಇಲ್ಲದೆ ಎಚ್ಚರವೇ ಆಗುವುದಿಲ್ಲ, ಕೊಳ್ಳುವಾಗಲೇ ಕೇಳಿ.

ಇನ್ನು ಕಿಕ್. ಬುಲೆಟ್ ಸವಾರರು ಕರೆಂಟ್ ಅಳೆಯುವ ಆಮೀಟರಿನ ಮುಳ್ಳು ನೋಡಿ ಪಿಸ್ಟನ್ ಎಲ್ಲಿದೆ ಎಂದು ಹೇಳುತ್ತಾರೆ. ಪಾಯಿಂಟ್ ತೆರೆದರೆ ಮುಳ್ಳು ನಡುವಿಗೆ ಬರುತ್ತದೆ. ಬ್ಯಾಟರಿ ತೆಗೆದ ಮೇಲೆ ನಿಂತ ಎಂಜಿನ್‌ನಲ್ಲಿ ಕರೆಂಟೇ ಇಲ್ಲ, ಮುಳ್ಳು ಅಲುಗುವುದಿಲ್ಲ. ಕಾಲಿಗೇ ಕಲಿಸಬೇಕು. ಕಿಕ್ಕರ್ ಗಟ್ಟಿಯಾಗುವವರೆಗೆ ಮೆಲ್ಲಗೆ ತುಳಿಯಿರಿ, ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಸರ್ ಹಿಡಿದು ಇನ್ನೊಂದಿಷ್ಟೇ ಇಳಿಸಿ, ಬಿಡಿ. ಕಿಕ್ಕರ್ ಪೂರ್ತಿ ಮೇಲೆ ಬರಲಿ. ಈಗ ಕೊನೆಯವರೆಗೆ ಒಂದೇ ಉಸಿರಿನಲ್ಲಿ ತಳ್ಳಿ. ಅರ್ಧ ಒದೆತಕ್ಕೆ ಇಲ್ಲಿ ಕ್ಷಮೆಯಿಲ್ಲ. ಹೆಡ್‌ಲೈಟ್ ಆಫ್ ಇರಲಿ, ಹಿಂದಿನ ಬ್ರೇಕ್ ಮೇಲೆ ಕಾಲಿಡಬೇಡಿ. ತಣ್ಣಗಿನ ಬಲ್ಬ್ ಇದ್ದಬದ್ದ ಕರೆಂಟನ್ನೆಲ್ಲ ನುಂಗುತ್ತದೆ. ಪಾಯಿಂಟ್ ಅಂತರ 0.35ರಿಂದ 0.40 ಮಿಲಿಮೀಟರ್, ಮುಖ ಶುಚಿ. ಬ್ಯಾಟರಿ ಮುಚ್ಚಿಟ್ಟಿದ್ದ ಸಣ್ಣ ದೋಷಗಳೆಲ್ಲ ಈಗ ಕಾಣತೊಡಗುತ್ತವೆ.

ಸಿಗ್ನಲ್‌ನಲ್ಲಿ ಬ್ರೇಕ್ ಹಿಡಿದೊಡನೆ ಎಂಜಿನ್ ಕೆಮ್ಮಿ ನಿಂತರೆ ಕಾರ್ಬ್ಯುರೇಟರಿಗೆ ಕೈ ಹಾಕಬೇಡಿ. ಹಿಂದಿನ ಬ್ರೇಕ್ ಲೈಟಿನ 21 ವ್ಯಾಟ್ ಬಲ್ಬೇ ಕಾರಣವಿರಬಹುದು. ಅಲ್ಲಿಗೆ ಎಲ್‌ಇಡಿ ಹಾಕಿದರೆ ಮುಗಿಯಿತು. ಐಡಲ್‌ನಲ್ಲಿ ಹಾರ್ನ್ ಮಾತ್ರ ಕೀರಲೇ. ಇಂಡಿಕೇಟರ್ ಮಿಟುಕದಿದ್ದರೆ ಕೈ ಚಾಚಿ ತೋರಿಸಿ. ರಾತ್ರಿ ಊರೂರು ಸುತ್ತುವವರು ಬ್ಯಾಟರಿ ಇಟ್ಟುಕೊಳ್ಳುವುದೇ ಸರಿ.

ಈಗ ನಮ್ಮ ಮೈಸೂರಿನ ಗಾಡಿ. 1961ರಿಂದ 1996ರವರೆಗೆ ಯಾದವಗಿರಿಯಲ್ಲಿ ತಯಾರಾದ ಜಾವಾ, ಯೆಜ್ಡಿಗಳ ಪೈಕಿ 6 ವೋಲ್ಟ್ ಡೈನಮೋ ಇರುವವಕ್ಕೆ ಈ ಉಪಾಯ ನಡೆಯದು. ಡೈನಮೋದಲ್ಲಿ ಅಯಸ್ಕಾಂತವಾಗುವುದು ಫೀಲ್ಡ್ ಕಾಯಿಲ್. ಅದಕ್ಕೇ ಮೊದಲು ಕರೆಂಟ್ ಬೇಕು. ಕಬ್ಬಿಣದಲ್ಲಿ ಉಳಿದ ಚೂರು ಕಾಂತಶಕ್ತಿ ಕಿಕ್ ವೇಗದಲ್ಲಿ ಬೆಳೆಯುವುದಿಲ್ಲ. ಎಮರ್ಜೆನ್ಸಿ ಲ್ಯಾಂಪುಗಳಲ್ಲಿ ಸಿಗುವ 6 ವೋಲ್ಟ್, 4.5 ಆಂಪಿಯರ್ ಅವರ್ ಸೀಲ್ಡ್ ಬ್ಯಾಟರಿ ಇಲ್ಲಿಗೆ ಸಾಕು. ಹಾಕಿದ ಮೇಲೆ ವೇಗವಾಗಿ ಓಡುವ ಎಂಜಿನ್‌ನಲ್ಲಿ ಅದರ ತುದಿಗಳ ವೋಲ್ಟೇಜ್ ಅಳೆಯಿರಿ. 7.3 ದಾಟುತ್ತಿದ್ದರೆ ರೆಗ್ಯುಲೇಟರಿನ ಮಿತಿ ಇಳಿಸಿಕೊಳ್ಳಿ, ಇಲ್ಲವಾದರೆ ಬ್ಯಾಟರಿಯ ಪಕ್ಕೆ ಬೇಗ ಉಬ್ಬಿಬಿಡುತ್ತದೆ. ನಮಸ್ಕಾರ.