ಅಡ್ವಾನ್ಸ್ ಕೊಡುವ ಮುಂಚೆ

ಕೇಳುಗರೆಲ್ಲರಿಗೂ ನಮಸ್ಕಾರ.

ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಚೆನ್ನಾಗಿ ಮಾಡುವವರಿಗೆ ಅಕ್ಕಪಕ್ಕದವರು ಹೇಳುತ್ತಲೇ ಇರುತ್ತಾರೆ: ‘ನೀವೊಂದು ಕಾಂಡಿಮೆಂಟ್ಸ್ ಅಂಗಡಿ ಹಾಕಬಾರದಾ?’ ಆ ಮಾತು ಮನಸ್ಸಿಗೆ ಹಿಡಿಸಿದ ಮೇಲೆ ಮೊದಲು ಮಾಡುವ ಕೆಲಸ ಅಂದರೆ ಮಳಿಗೆ ಹುಡುಕುವುದು, ಅಡ್ವಾನ್ಸ್ ಕೊಡುವುದು. ಲೈಸೆನ್ಸ್ ವಿಚಾರ ಆಮೇಲೆ. ದಯವಿಟ್ಟು ಹಾಗೆ ಮಾಡಬೇಡಿ. ಅಡ್ವಾನ್ಸ್ ಕೊಡುವ ಮುಂಚೆಯೇ ಆ ಜಾಗದಲ್ಲಿ ಅಂಗಡಿ ನಡೆಸಬಹುದಾ ಎಂದು ಕೇಳಿ. ಒಡವೆ ಅಡ ಇಟ್ಟು ತಂದ ದುಡ್ಡು ಓನರ್ ಕೈ ಸೇರಿದ ಮೇಲೆ ವಾಪಸ್ ಬರುವುದು ಕಷ್ಟ.

ಎಷ್ಟೋ ಕಡೆ ಮಳಿಗೆ ಅಂತ ತೋರಿಸುವುದು ಮನೆಯ ಮುಂದಿನ ರೂಮಿಗೆ ಶಟರ್ ಹಾಕಿದ ಜಾಗವನ್ನು. ಬಾಡಿಗೆ ಕರಾರು ಓದಿ ನೋಡಿ. ‘ವಾಸಕ್ಕೆ ಮಾತ್ರ’ ಎಂಬ ಒಂದು ಸಾಲು ಅದರಲ್ಲಿದ್ದರೆ ಆ ಕಾಗದ ನಿಮಗೆ ಉಪಯೋಗವಿಲ್ಲ. ಕರೆಂಟ್ ಮೀಟರ್ ಮನೆಯದೋ ಅಂಗಡಿಯದೋ ಕೇಳಿ, ಯಾಕೆಂದರೆ ದರ ಬೇರೆ. ಮನೆ ಮುಂದಿನ ರಸ್ತೆ ಎಷ್ಟು ಅಗಲ ಇದೆ ಅನ್ನುವುದೂ ಮುಖ್ಯ. ಬೆಂಗಳೂರಿನ ವಸತಿ ಬಡಾವಣೆಗಳಲ್ಲಿ 40 ಅಡಿಗಿಂತ ಕಿರಿದಾದ ರಸ್ತೆಯಲ್ಲಿ ಅಂಗಡಿ ಹಾಕಿದವರು ಇದೇ ಕಾರಣಕ್ಕೆ ಲೈಸೆನ್ಸ್ ಸಿಗದೆ ಬಹಳ ಪಾಡು ಪಟ್ಟಿದ್ದಾರೆ. ಪಕ್ಕದಲ್ಲಿ ಇನ್ನೊಂದು ಅಂಗಡಿ ಇದೆಯಲ್ಲ ಅಂತ ಸುಮ್ನೆ ಧೈರ್ಯ ಮಾಡಬೇಡಿ. ಅವರ ಹತ್ತಿರ ಲೈಸೆನ್ಸ್ ಇದೆಯೋ ಇಲ್ಲವೋ ನಿಮಗೆ ಗೊತ್ತಿಲ್ಲ, ಅಲ್ವಾ? ಊರಿಗೆ ತಕ್ಕಂತೆ ಪಾಲಿಕೆ, ಪುರಸಭೆ ಅಥವಾ ಗ್ರಾಮ ಪಂಚಾಯ್ತಿಗೆ ಹೋಗಿ ವಿಳಾಸ ಕೊಟ್ಟು ವಿಚಾರಿಸಿ. ಒಂದು ಬೆಳಗಿನ ಕೆಲಸ ಅದು.

ಜಾಗ ಸರಿಯಿದ್ದರೆ ಉಳಿದದ್ದಕ್ಕೆ ಹೆದರಬೇಕಿಲ್ಲ. ತಿಂಡಿ ಮಾರುವವರು ಆಹಾರ ಸುರಕ್ಷತಾ ನೋಂದಣಿ ಮಾಡಿಸಲೇಬೇಕು, ಮನೆಯಲ್ಲೇ ಮಾಡಿ ಮಾರಿದರೂ ಸರಿ. 2011ರ ನಿಯಮಗಳು ಸಣ್ಣವರಿಗೆ ಇಟ್ಟ ಶುಲ್ಕ ವರ್ಷಕ್ಕೆ 100 ರೂಪಾಯಿ. ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ಮಧ್ಯವರ್ತಿಗಳು ಇದಕ್ಕೇ ಸಾವಿರಗಟ್ಟಲೆ ಕೇಳುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಸಿಕ್ಕ 14 ಅಂಕಿಗಳ ನಂಬರ್ ಪ್ಯಾಕೆಟ್ ಮೇಲೆ ಇರಬೇಕು. ಜೊತೆಗೆ ನಿಮ್ಮ ಹೆಸರು, ವಿಳಾಸ, ತೂಕ, ಎಂಆರ್‌ಪಿ, ತಯಾರಾದ ದಿನ, ಏನೇನು ಹಾಕಿದ್ದೀರಿ ಅನ್ನುವುದು. ಕಡಲೆಬೀಜ ಹಾಕಿದ್ದರೆ ಅದನ್ನು ಬರೆಯದೆ ಬಿಡಬೇಡಿ. ಅದು ಕೆಲವರ ಮೈಗೆ ಆಗುವುದಿಲ್ಲ.

ಅಂಗಡಿ ತೆರೆದ 30 ದಿನದೊಳಗೆ ಕಾರ್ಮಿಕ ಇಲಾಖೆಯಲ್ಲಿ ನೋಂದಣಿ ಆಗಬೇಕು. ಇದು 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಬೋರ್ಡಿನಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಬರೆಸುವಾಗಲೇ ಪೇಂಟರಿಗೆ ಹೇಳಿಬಿಟ್ಟರೆ ಎರಡನೇ ಖರ್ಚಿಲ್ಲ.

ಇನ್ನು ಜಿಎಸ್‌ಟಿ. 2025ರ ಜುಲೈನಲ್ಲಿ ನಮ್ಮ ರಾಜ್ಯದ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಯವರಿಗೆ ಯುಪಿಐ ಲೆಕ್ಕ ನೋಡಿ ತೆರಿಗೆ ಇಲಾಖೆಯ ನೋಟಿಸ್ ಬಂದದ್ದು ನೆನಪಿರಬಹುದು. ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿಗಳು ಗಲ್ಲಾಪೆಟ್ಟಿಗೆ ಮೇಲೆ ಬಂದವು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದ ಮಿತಿ ಇದೆ, ಅದನ್ನು ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು. ಆದರೆ ಅದು ಲಾಭದ ಲೆಕ್ಕವಲ್ಲ, ಒಟ್ಟು ವ್ಯಾಪಾರದ್ದು. ತೆರಿಗೆಯಿಲ್ಲದ ಹಾಲನ್ನು ಬೇರೆ ಸಾಮಾನಿನ ಜೊತೆ ಮಾರಿದರೆ ಅದೂ ಈ ಒಟ್ಟಿಗೆ ಸೇರುತ್ತದೆ. ತಮ್ಮ ಕಳಿಸಿದ ಕೈಸಾಲವೂ ಅಂಗಡಿಯ ಕ್ಯೂಆರ್‌ಗೇ ಬಂದರೆ, ಅದು ವ್ಯಾಪಾರದ ದುಡ್ಡಲ್ಲ ಅಂತ ಆಮೇಲೆ ನೀವೇ ತೋರಿಸಬೇಕು. ಅದಕ್ಕೇ ಅಂಗಡಿಗೆ ಬೇರೆ ಖಾತೆ ತೆರೆಯಿರಿ. ಹಾಲಿನ ಲೆಕ್ಕ ಬೇರೆ ಪುಸ್ತಕದಲ್ಲಿ ಬರೆಯಿರಿ, ಸಗಟು ಬಿಲ್ಲುಗಳನ್ನು ಎತ್ತಿಡಿ.

ಅಂಗಡಿ ನಡೆಸಲು ಪಾಲಿಕೆ, ಪುರಸಭೆ ಅಥವಾ ಪಂಚಾಯ್ತಿ ಕೊಡುವ ಟ್ರೇಡ್ ಲೈಸೆನ್ಸ್ ಸಾಮಾನ್ಯವಾಗಿ ಮಾರ್ಚ್ ಕೊನೆಗೆ ಮುಗಿಯುತ್ತದೆ. ತಡವಾದರೆ ದಂಡ ಬೀಳುತ್ತದೆ. ಅದಕ್ಕೆ ಮುಂಚೆ, ಜನವರಿಯಲ್ಲೇ ನವೀಕರಣಕ್ಕೆ ಕಟ್ಟಿ, ರಸೀತಿಯನ್ನು ಲೈಸೆನ್ಸ್ ಪಕ್ಕದಲ್ಲೇ ಇಟ್ಟುಕೊಳ್ಳಿ.

ನಮಸ್ಕಾರ.