ಪುರ ಗ್ರಾಮದ ಸಗಣಿ ಲೆಕ್ಕ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ನಾನು ಮಾತಾಡೋಕೆ ಬಂದಿರೋದು ಗೋಬರ್ ಗ್ಯಾಸ್ ಬಗ್ಗೆ. ಅಯ್ಯೋ ಸೋಲಾರ್, ಬ್ಯಾಟರಿ, ಹೈಡ್ರೋಜನ್ ಅಂತ ಎಲ್ರೂ ಮಾತಾಡ್ತಿರೋವಾಗ ಇವರೇನಪ್ಪ ಸಗಣಿ ಹಿಡ್ಕೊಂಡು ಕೂತಿದಾರೆ ಅಂತ ಅನ್ಕೋಬೇಡಿ, ಯಾಕಂದ್ರೆ ಇಂಧನದ ಬಗ್ಗೆ, ಪರಿಸರದ ಬಗ್ಗೆ, ಊರಿನ ಜನರನ್ನ ಕಟ್ಕೊಂಡು ಒಂದು ಕೆಲಸ ನಡೆಸೋದ್ರ ಬಗ್ಗೆ ನಮ್ಮ ರಾಜ್ಯದಲ್ಲಿ ನಡೆದಿರೋ ಸಂಶೋಧನೆಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಇದೇ. ಊರಿನ ಹೆಸರು ಪುರ. ತುಮಕೂರು ಜಿಲ್ಲೆ, ಕುಣಿಗಲ್ ತಾಲೂಕು.

ಇದರ ಹಿಂದೆ ಇದ್ದವರು ಅಮೂಲ್ಯ ರೆಡ್ಡಿ ಅವರು. ಬೆಂಗಳೂರಲ್ಲೇ 1930ರಲ್ಲಿ ಹುಟ್ಟಿದವರು, ಟಾಟಾ ಇನ್‌ಸ್ಟಿಟ್ಯೂಟ್ ಅಂತ ಹಳಬರು ಈಗ್ಲೂ ಕರೀತಾರಲ್ಲ ಆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಲೆಕ್ಟ್ರೋಕೆಮಿಸ್ಟ್ರಿ ಪ್ರೊಫೆಸರ್, ಆ ವಿಷಯದಲ್ಲಿ ಪ್ರಪಂಚದ ಎಲ್ಲಾ ಕಡೆ ಓದೋ ಪಠ್ಯಪುಸ್ತಕಕ್ಕೆ ಸಹಲೇಖಕರು. ಅಂಥವರು ಲ್ಯಾಬ್ ಬಿಟ್ಟು ಹಳ್ಳಿ ಕಡೆ ತಿರುಗಿದ್ರು. ಸತೀಶ್ ಧವನ್ ಆ ಸಂಸ್ಥೆಗೆ ನಿರ್ದೇಶಕರಾಗಿದ್ದ ಕಾಲ ಅದು, 1974ರಲ್ಲಿ ವಿಜ್ಞಾನ, ತಂತ್ರಜ್ಞಾನವನ್ನ ಹಳ್ಳಿಗಳಿಗೆ ಉಪಯೋಗ ಆಗೋ ಹಾಗೆ ಮಾಡೋಕೆ ಅಂತ ಅಸ್ತ್ರ ಅನ್ನೋ ವಿಭಾಗ ಶುರುವಾಯ್ತು, ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಅದಕ್ಕೊಂದು ಕೇಂದ್ರ. ಪುರ ಅಲ್ಲೇ ಹತ್ತಿರ.

ಅವರು ಮೊದಲು ಮಾಡಿದ್ದು ಏನು ಗೊತ್ತಾ, ಯಾವ ಮೆಷಿನ್ನೂ ತಗೊಂಡು ಹೋಗಲಿಲ್ಲ. ಊರಲ್ಲಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ಖರ್ಚಾಗ್ತಿದೆ, ಅದು ಎಲ್ಲಿಂದ ಬರ್ತಿದೆ ಅಂತ ಮನೆ ಮನೆಗೆ ಹೋಗಿ ಲೆಕ್ಕ ಹಾಕಿದ್ರು. 70ರ ದಶಕದ ನಡುವೆ ಪುರದಲ್ಲಿ ಇದ್ದದ್ದು 56 ಮನೆ, ಸುಮಾರು 350 ಜನ. ಲೆಕ್ಕದಲ್ಲಿ ಬಂದದ್ದು ಹೀಗೆ: ಊರು ಬಳಸೋ ಶಕ್ತಿಯಲ್ಲಿ ಶೇಕಡಾ 89ರಷ್ಟು ಸೌದೆ, ಶೇಕಡಾ 7ರಷ್ಟು ಮನುಷ್ಯರ ಮೈಬಲ, ಮಿಕ್ಕಿದ್ದರಲ್ಲಿ ಸೀಮೆಎಣ್ಣೆ, ಎತ್ತು, ಕರೆಂಟು ಎಲ್ಲಾ ಸೇರ್ಕೊಂಡಿದ್ವು. ಕರೆಂಟಿನ ಪಾಲು ಒಂದು ಪರ್ಸೆಂಟೂ ಇರಲಿಲ್ಲ. ದೆಹಲಿಯಲ್ಲಿ ಕೂತು ದೇಶದ ಇಂಧನ ನೀತಿ ಅಂತ ಬರೀತಿದ್ದವರು ಕಲ್ಲಿದ್ದಲು, ತೈಲ, ಅಣೆಕಟ್ಟು ಅಂತ ಬರೀತಿದ್ರು, ಇಲ್ಲಿ ನೋಡಿದ್ರೆ ಇಡೀ ಊರು ಪುಳ್ಳೆ ಸೌದೆ ಮೇಲೆ ನಡೀತಿದೆ.

ಆ 7 ಪರ್ಸೆಂಟ್ ಮೈಬಲದ ಲೆಕ್ಕವನ್ನ ಇನ್ನೂ ಬಿಡಿಸಿ ನೋಡಿದ್ರು. ಅದರಲ್ಲಿ ಗಂಡಸರದ್ದು 31, ಮಕ್ಕಳದ್ದು 16, ಹೆಂಗಸರದ್ದು 53 ಪರ್ಸೆಂಟ್. ಅಂದ್ರೆ ಅರ್ಧಕ್ಕಿಂತ ಜಾಸ್ತಿ ದುಡಿಮೆ ಹೆಣ್ಣುಮಕ್ಕಳದ್ದು. ಸೌದೆ ತರೋಕೆ ಒಂದು ಮನೆಯವರು ದಿನಕ್ಕೆ ಹತ್ತತ್ರ 5 ಕಿಲೋಮೀಟರ್ ನಡೀಬೇಕು, ಎರಡೂವರೆ ಗಂಟೆ ಅದಕ್ಕೇ ಹೋಗುತ್ತೆ, ಆಮೇಲೆ ನೀರಿಗೆ ಬೇರೆ ಓಡಾಟ, ಆಮೇಲೆ ಹೊಗೆ ತುಂಬಿದ ಅಡುಗೆಮನೆ. ಇದನ್ನ ಕೇಳಿದ್ರೆ ಹಳ್ಳಿಯವರಿಗೆ ಇದೇನು ಹೊಸ ವಿಷಯ, ನಮ್ಮಜ್ಜಿ ಹಾಗೇ ಬದುಕಿದ್ರು ಅಂತೀರಿ, ನಿಜ, ಆದ್ರೆ ಅಜ್ಜಿಯ ಆ ಎರಡೂವರೆ ಗಂಟೆಯನ್ನ ದೇಶದ ಇಂಧನ ಲೆಕ್ಕದ ಒಳಗೆ ತಂದು ಕೂರಿಸಿದ್ದು ಇಂಥ ಅಧ್ಯಯನ. ಇನ್ನೊಂದು ಮಾತೂ ಇದರಿಂದ ಗೊತ್ತಾಯ್ತು, ಹಳ್ಳಿ ಹೆಂಗಸರು ಸೌದೆಗೋಸ್ಕರ ಕಾಡು ಕಡಿದು ಹಾಳು ಮಾಡ್ತಾರೆ ಅಂತ ಒಂದು ಆರೋಪ ಇತ್ತಲ್ಲ, ಇಲ್ಲಿ ಅವರು ತಲೆ ಮೇಲೆ ಹೊತ್ತು ತರ್ತಿದ್ದದ್ದು ಹೆಚ್ಚಾಗಿ ಒಣಗಿದ ರೆಂಬೆ, ಪುಳ್ಳೆ. ದಿಮ್ಮಿ ದಿಮ್ಮಿ ಲಾರಿಯಲ್ಲಿ ಹೋಗ್ತಿದ್ದದ್ದು ಬೆಂಗಳೂರಿನ ಸೌದೆ ಡಿಪೋಗಳಿಗೆ.

ಈ ಲೆಕ್ಕದ ಮೇಲೆ ಅಸ್ತ್ರದವರು ಮಾಡಿದ ಕೆಲಸಗಳಲ್ಲಿ ಅಸ್ತ್ರ ಒಲೆ ನಿಮ್ಮಲ್ಲಿ ಎಷ್ಟೋ ಜನರ ಮನೇಲಿ ಇದ್ದಿರುತ್ತೆ, ಮೂರು ಪಾತ್ರೆ ಇಡೋ ಒಲೆ, ಸೌದೆ ಉರಿಯೋ ಜಾಗಕ್ಕೆ ಬಾಗಿಲು, ಕೆಳಗೆ ಜಾಲರಿ, ಹೊಗೆ ಹೋಗೋಕೆ ಕೊಳವೆ. ಅದರ ಅಳತೆ ಸ್ವಲ್ಪ ಆಚೀಚೆ ಆದ್ರೂ ಸೌದೆ ಉಳಿಯಲ್ಲ, ಹೊಗೆ ವಾಪಸ್ ಅಡುಗೆಮನೆಗೇ ಬರುತ್ತೆ, ಅದಕ್ಕೇ ಒಲೆ ಕಟ್ಟೋರಿಗೆ ಟ್ರೈನಿಂಗ್ ಕೊಡೋದೇ ದೊಡ್ಡ ಕೆಲಸ ಆಯ್ತು. ಅದರ ಬಗ್ಗೆ ಇನ್ನೊಂದು ಸಲ ಮಾತಾಡಬಹುದು.

ಪುರಕ್ಕೆ ಬರೋಣ. ಅಡುಗೆಗೇ ಇಷ್ಟೆಲ್ಲ ಸೌದೆ ಹೋಗ್ತಿದೆ ಅಂದ್ಮೇಲೆ ಅಡುಗೆಗೇ ಗ್ಯಾಸ್ ಕೊಡೋಣ, ಊರಿಗೆಲ್ಲ ಸೇರಿ ಒಂದು ದೊಡ್ಡ ಗೋಬರ್ ಗ್ಯಾಸ್ ಪ್ಲಾಂಟ್ ಕಟ್ಟೋಣ ಅಂತ ಯಾರಿಗಾದ್ರೂ ಅನ್ಸುತ್ತೆ. ಅವರಿಗೂ ಅನ್ನಿಸ್ತು, 80ರ ದಶಕದ ಶುರುವಲ್ಲಿ ಅದನ್ನ ಮಾಡಿ ನೋಡಿದ್ರು. ನಡೀಲಿಲ್ಲ. ಯಾಕೆ ನಡೀಲಿಲ್ಲ ಅಂತ ನೋಡಿ. ಒಂದು ಕೆಜಿ ಸಗಣಿಗೆ ಬರೋದು ಹೆಚ್ಚುಕಡಿಮೆ 34 ಲೀಟರ್ ಗ್ಯಾಸು. ಐದಾರು ಜನರ ಮನೆಗೆ ಎರಡು ಹೊತ್ತು ಅಡುಗೆ ಆಗ್ಬೇಕು ಅಂದ್ರೆ ದಿನಕ್ಕೆ 50 ಕೆಜಿ ಹತ್ರ ಸಗಣಿ ಬೇಕು, ಅಂದ್ರೆ ಕೊಟ್ಟಿಗೆಯಲ್ಲಿ ನಾಲ್ಕೈದು ದನ ಇರಬೇಕು. ಎಷ್ಟು ಮನೇಲಿ ಅಷ್ಟು ದನ ಇರುತ್ತೆ ಹೇಳಿ? ದನ ಹಗಲೆಲ್ಲ ಮೇಯೋಕೆ ಹೋದ್ರೆ ಆ ಸಗಣಿ ಹೊಲದಲ್ಲೇ ಉಳಿಯುತ್ತೆ. ಹಾಗಾಗಿ ಊರಿನ ಎಲ್ಲಾ ಒಲೆಗೆ ಸಾಲೋಷ್ಟು ಗ್ಯಾಸ್ ಬರಲಿಲ್ಲ, ಗ್ಯಾಸ್ ಬಂದ್ರೂ ಸೌದೆ ತರೋದು ತಪ್ಪಲಿಲ್ಲ, ಸೌದೆಗೆ ದುಡ್ಡು ಕೊಡೋದಿಲ್ಲ, ಹಾಗಿರುವಾಗ ನಾನ್ಯಾಕೆ ಬೆಳಗಾಗೆದ್ದು ಸಗಣಿ ಹೊತ್ಕೊಂಡು ಪ್ಲಾಂಟಿಗೆ ಹೋಗ್ಲಿ ಅಂತ ಜನಕ್ಕೆ ಅನ್ನಿಸೋದು ಸಹಜ ತಾನೆ.

ಬೇರೆ ಯಾರಾದ್ರೂ ಆಗಿದ್ರೆ ಹಳ್ಳಿಯವರಿಗೆ ತಿಳುವಳಿಕೆ ಇಲ್ಲ ಅಂತ ರಿಪೋರ್ಟ್ ಬರೆದು ಮುಗಿಸ್ತಿದ್ರು. ಇವರು ಊರಿನವರನ್ನ ಕೂರಿಸ್ಕೊಂಡು ನಿಮಗೆ ಏನು ಬೇಕು ಅಂತ ಕೇಳಿದ್ರು. ಕುಡಿಯೋ ನೀರು ಬೇಕು ಅಂದ್ರು. ಅಷ್ಟೇ. ನೀರು, ಆಮೇಲೆ ಮನೆಗೆ ದೀಪ. ಊರ ಒಲೆಗಳಿಗೆಲ್ಲ ಸಾಲದ ಗ್ಯಾಸು ಒಂದು ಸಣ್ಣ ಇಂಜಿನ್ ಓಡಿಸಿ ಬೋರ್‌ವೆಲ್ ನೀರು ಎತ್ತೋಕೆ, ರಾತ್ರಿ ಒಂದೆರಡು ಗಂಟೆ ಟ್ಯೂಬ್‌ಲೈಟ್ ಉರಿಸೋಕೆ ಧಾರಾಳವಾಗಿ ಸಾಕು. ಹಾಗಾಗಿ 1987ರ ಸೆಪ್ಟೆಂಬರಲ್ಲಿ ಅದೇ ಸಗಣಿ, ಅದೇ ಗ್ಯಾಸು, ಬೇರೆ ಕೆಲಸಕ್ಕೆ ಶುರುವಾಯ್ತು.

ಅದು ದಿನಾ ಹೇಗೆ ನಡೀತಿತ್ತು ಅನ್ನೋದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಬೆಳಗ್ಗೆ ಮನೆಗಳಿಂದ ಸಗಣಿ ಬರುತ್ತೆ, ತರೋರು ಹೆಚ್ಚಾಗಿ ಹೆಂಗಸರು, ಮಕ್ಕಳು. ಪ್ಲಾಂಟ್ ಹತ್ರ ತೂಕ ಹಾಕ್ತಾರೆ, ಯಾರ ಮನೆಯಿಂದ ಎಷ್ಟು ಕೆಜಿ ಅಂತ ಬರ್ಕೋತಾರೆ. ಒಂದು ಕೆಜಿಗೆ 2 ಪೈಸೆ. ಐವತ್ತು ಕೆಜಿ ಹಾಕಿದ್ರೆ ಒಂದು ರೂಪಾಯಿ, ಆ ಕಾಲದ ಒಂದು ರೂಪಾಯಿ. ಇದು ಸಗಣಿಯ ಬೆಲೆ ಅಲ್ಲ, ತಂದು ಹಾಕಿದ್ದಕ್ಕೆ ಕೂಲಿ. ಯಾಕಂದ್ರೆ ಸಗಣಿ ಅವರದ್ದಾಗೇ ಉಳಿಯುತ್ತೆ. ನೀರಲ್ಲಿ ಕಲಸಿ ಒಳಗೆ ಬಿಟ್ಟ ಸಗಣಿ ವಾರಗಟ್ಟಲೆ ಗಾಳಿ ಇಲ್ಲದೆ ಕೊಳೆತು, ಅದರಲ್ಲಿರೋ ಸೂಕ್ಷ್ಮಜೀವಿಗಳು ಮೀಥೇನ್ ಮಾಡಿ ಮುಗಿಸಿದ ಮೇಲೆ ಆ ಕಡೆಯಿಂದ ಬಗ್ಗಡ ಹೊರಗೆ ಬರುತ್ತೆ, ಅದನ್ನ ಮರಳಿನ ಹಾಸಿನ ಮೇಲೆ ಬಿಟ್ಟು ನೀರು ಬಸಿದು ಗಟ್ಟಿ ಗೊಬ್ಬರ ಮಾಡಿ, ಯಾರು ಎಷ್ಟು ಸಗಣಿ ಕೊಟ್ಟಿದ್ರೋ ಅದರ ಲೆಕ್ಕಕ್ಕೆ ತಕ್ಕಂತೆ ವಾಪಸ್ ಕೊಡ್ತಾರೆ. ತಿಪ್ಪೆಯಲ್ಲಿ ಬಿಸಿಲಿಗೆ ಬಿದ್ದಿದ್ರೆ ಹಾರಿಹೋಗೋ ಸಾರಜನಕ ಇದರಲ್ಲಿ ಚೆನ್ನಾಗಿ ಉಳಿಯುತ್ತೆ, ಕಳೆ ಬೀಜವೂ ಕಮ್ಮಿ. ಬಸಿದ ನೀರು ದಂಡ ಅಲ್ಲ, ಮಾರನೇ ದಿನದ ಸಗಣಿ ಕಲಸೋಕೆ ಅದೇ ಬರುತ್ತೆ, ಅದರಲ್ಲಿ ಬೇಕಾದ ಸೂಕ್ಷ್ಮಜೀವಿಗಳು ಆಗ್ಲೇ ಇರ್ತವೆ.

ದಿನಕ್ಕೆ 1.25 ಟನ್ ಸಗಣಿ ಬಿದ್ರೆ 42.5 ಘನ ಮೀಟರ್ ಗ್ಯಾಸು ಅನ್ನೋ ಲೆಕ್ಕದ ಪ್ಲಾಂಟು. ಗ್ಯಾಸ್ ಸೇರ್ತಾ ಹೋದಂಗೆ ಮೇಲಿನ ಡ್ರಮ್ಮು ಎದ್ದು ನಿಲ್ಲುತ್ತೆ, ಅದನ್ನ ನೋಡಿದ್ರೇ ಇವತ್ತು ಎಷ್ಟಿದೆ ಅಂತ ಗೊತ್ತಾಗುತ್ತೆ. ಇಂಜಿನ್ನು ಡೀಸೆಲ್‌ದು, ಮೊದಲು ಡೀಸೆಲ್ ಮೇಲೆ ಸ್ಟಾರ್ಟ್ ಮಾಡಿ ಆಮೇಲೆ ಗಾಳಿ ಎಳ್ಕೊಳೋ ದಾರಿಯಲ್ಲಿ ಗ್ಯಾಸ್ ಬಿಡ್ತಾರೆ, ಗ್ಯಾಸ್ ಒಳಗೆ ಹೋದಂಗೆಲ್ಲ ಡೀಸೆಲ್ ತಾನಾಗೇ ಕಮ್ಮಿ ಆಗ್ತಾ ಬರುತ್ತೆ, ಗ್ಯಾಸಿಗೆ ಬೆಂಕಿ ಹತ್ತಿಸೋಕೆ ಎಷ್ಟು ಬೇಕೋ ಅಷ್ಟೇ ಉಳಿಯುತ್ತೆ. ಅದನ್ನ ನಡೆಸ್ತಿದ್ದದ್ದು ಊರಿನ ಹುಡುಗರೇ. ಬೆಂಗಳೂರಿನ ಇಂಜಿನಿಯರ್ ಬಂದು ಸ್ವಿಚ್ ಹಾಕ್ಬೇಕು ಅನ್ನೋ ಪರಿಸ್ಥಿತಿ ಇರಲಿಲ್ಲ, ಮ್ಯಾನೇಜ್‌ಮೆಂಟ್ ಓದೋ ಮಕ್ಕಳು ಈ ಮಾತನ್ನ ಗಮನಿಸಬೇಕು, ಪ್ಲಾಂಟಿನ ದುಡ್ಡು, ತಕರಾರು, ದೀಪದ ಶುಲ್ಕ ಎಲ್ಲಾ ನೋಡ್ಕೊಳೋಕೆ ಊರಿನದ್ದೇ ಒಂದು ಸಮಿತಿ ಇತ್ತು.

ಈಗ ನನಗೆ ತುಂಬ ಮುಖ್ಯ ಅನ್ಸೋ ಜಾಗಕ್ಕೆ ಬಂದೆ. ಊರ ಕೆರೆ, ಗೋಮಾಳ, ಇಂಥ ಎಲ್ರಿಗೂ ಸೇರಿದ ಆಸ್ತಿಯನ್ನ ಪ್ರತಿಯೊಬ್ಬರೂ ತಂತಮ್ಮ ಲಾಭಕ್ಕೆ ಬಳಸಿ ಬಳಸಿ ಹಾಳು ಮಾಡ್ತಾರೆ ಅಂತ ಒಂದು ಪ್ರಸಿದ್ಧ ವಾದ ಇದೆ, ಎಕನಾಮಿಕ್ಸ್ ಓದಿದವರಿಗೆ ಗೊತ್ತು. ಪುರದಲ್ಲಿ ಆದದ್ದು ಅದಕ್ಕೆ ಉಲ್ಟಾ ಅಂತ ರೆಡ್ಡಿ ಅವರು ತೋರಿಸಿದ್ರು. ನಾನೊಬ್ಬ ಸಗಣಿ ಹಾಕದೇ ಇದ್ರೆ ಗ್ಯಾಸ್ ಕಮ್ಮಿ ಆಗುತ್ತೆ, ಗ್ಯಾಸ್ ಕಮ್ಮಿ ಆದ್ರೆ ನೀರು ಬರಲ್ಲ, ನೀರು ಬರಲಿಲ್ಲ ಅಂದ್ರೆ ನನ್ನ ಮನೆಗೂ ಇಲ್ಲ. ಹಾಕಿದ್ರೆ ಕೂಲಿ ಸಿಗುತ್ತೆ, ಗೊಬ್ಬರ ವಾಪಸ್ ಬರುತ್ತೆ, ನಲ್ಲೀಲಿ ನೀರು, ಮನೇಲಿ ದೀಪ. ನನ್ನ ಸ್ವಾರ್ಥ, ಊರಿನ ಹಿತ ಎರಡೂ ಒಂದೇ ದಾರೀಲಿ ಹೋಗೋ ಹಾಗೆ ವ್ಯವಸ್ಥೆ ಕಟ್ಟಿದ್ದಾರೆ. ಯಾರಿಗೂ ಭಾಷಣ ಮಾಡ್ಲಿಲ್ಲ, ತ್ಯಾಗ ಮಾಡಿ ಅಂತ ಕೇಳ್ಲಿಲ್ಲ. ಒಂದು ಡ್ರಮ್ಮಿನ ಡಿಸೈನಿಗೆ ಎಷ್ಟು ತಲೆ ಓಡಿಸಿದಾರೋ ಆ 2 ಪೈಸೆ ಇಡೋಕೂ ಅಷ್ಟೇ ತಲೆ ಓಡಿಸಿದಾರೆ, ನನ್ನ ಪ್ರಕಾರ ಇದೇ ನಿಜವಾದ ಸಂಶೋಧನೆ.

ಆ ವ್ಯವಸ್ಥೆ ಶಾಶ್ವತವಾಗಿ ನಡೀಲಿಲ್ಲ, ಅದನ್ನೂ ಹೇಳ್ಬೇಕು. ದನಗಳ ಸಂಖ್ಯೆ ಮೇಲೆ ನಿಂತ ವ್ಯವಸ್ಥೆಗೆ ಮಿತಿ ಇದ್ದೇ ಇದೆ, ಅದೂ ಅಲ್ದೆ ಸರ್ಕಾರದ ಲೈನಿನ ಕರೆಂಟು ಸಬ್ಸಿಡಿ ದರಕ್ಕೆ ಸಿಗೋವಾಗ ಪೂರ್ತಿ ಖರ್ಚನ್ನ ಊರಿನಿಂದಲೇ ಎತ್ತಬೇಕಾದ ಸಣ್ಣ ಪ್ಲಾಂಟು ಪೈಪೋಟಿ ಮಾಡೋದು ಕಷ್ಟ. ಅದನ್ನ ಸೋಲು ಅಂತ ಬರೆದುಬಿಡೋದು ತಪ್ಪು. ದೊಡ್ಡ ಲೈನಿಗೆ ಕೊಟ್ಟ ಸಹಾಯಧನದಲ್ಲಿ ಒಂದು ಪಾಲು ಇಂಥ ಊರುಗಳಿಗೂ ಬಂದಿದ್ರೆ ಏನಾಗ್ತಿತ್ತು ಅಂತ ಕೇಳೋದು ನ್ಯಾಯ.

ಹಾಗಂತ ಎಲ್ಲಾ ಕಡೆ ಊರೇ ಸೇರಿ ಮಾಡ್ಬೇಕು ಅಂತಲೂ ಇಲ್ಲ. ಶಿರಸಿ ಕಡೆ ಹೋಗಿ, ಅಡಿಕೆ ತೋಟದವರ ಮನೆಗಳಲ್ಲಿ ಮನೆಗೊಂದು ಗೋಬರ್ ಗ್ಯಾಸು, ಕಟ್ಟಿದ್ದರಲ್ಲಿ ಹೆಚ್ಚಿನವು ವರ್ಷಗಟ್ಟಲೆ ಚೆನ್ನಾಗಿ ನಡೆದಿವೆ. ವಿಜ್ಞಾನ ಸಂಸ್ಥೆಯವರೇ ಅದನ್ನೂ ಅಧ್ಯಯನ ಮಾಡಿದಾರೆ. ಅಲ್ಲಿ ಕೊಟ್ಟಿಗೆ ತುಂಬ ದನ ಇದೆ, ತೋಟಕ್ಕೆ ಗೊಬ್ಬರ ಬೇಕೇ ಬೇಕು, ಜೊತೆಗೆ ಕಟ್ಟಿಕೊಟ್ಟವರು ಗ್ಯಾರಂಟಿ ಕೊಟ್ಟು, ಕೆಟ್ಟರೆ ಬಂದು ರಿಪೇರಿ ಮಾಡಿಕೊಟ್ಟು ಹೆಸರು ಉಳಿಸ್ಕೊಂಡ್ರು. ಬೇರೆ ಎಷ್ಟೋ ಜಿಲ್ಲೆಗಳಲ್ಲಿ ಸಬ್ಸಿಡಿ ಬಂದ ವರ್ಷ ಕಟ್ಟಿ ಮರುವರ್ಷ ಮುಚ್ಚಿಹೋದ ಗುಂಡಿಗಳನ್ನ ನೀವೂ ನೋಡಿರ್ತೀರಿ. ಸೋಲಾರ್ ದೀಪದ ವಿಷಯದಲ್ಲಿ ಅದನ್ನ ಹಳ್ಳಿಗಳಿಗೆ ಮಾರೋ ಸೆಲ್ಕೋ ಕಂಪನಿಯ ಹರೀಶ್ ಹಂದೆ ಅವರು ಹೇಳೋ ಮಾತೂ ಇದಕ್ಕೇ ಸೇರುತ್ತೆ, ಬೀದಿ ಬದಿ ವ್ಯಾಪಾರ ಮಾಡೋರಿಗೆ ತಿಂಗಳಿಗೆ 300 ರೂಪಾಯಿ ಕಟ್ಟು ಅಂದ್ರೆ ಭಾರ, ದಿನಕ್ಕೆ 10 ರೂಪಾಯಿ ಅಂದ್ರೆ ಆಗುತ್ತೆ, ಯಾಕಂದ್ರೆ ಅವರ ದುಡಿಮೆ ದಿನದ ಲೆಕ್ಕದ್ದು.

ಅದೇ ತುಮಕೂರು ಜಿಲ್ಲೆಯಲ್ಲಿ ಈಗ ಪಾವಗಡದ ಸೋಲಾರ್ ಪಾರ್ಕ್ ಇದೆ. 2,050 ಮೆಗಾವಾಟ್, ಸುಮಾರು 13,000 ಎಕರೆ, 2018ರಲ್ಲಿ ಉದ್ಘಾಟನೆ ಆಯ್ತು. ಅಲ್ಲೂ ಒಂದು ಒಳ್ಳೆ ಯೋಚನೆ ಮಾಡಿದಾರೆ, ರೈತರ ಜಮೀನು ಕೊಂಡ್ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಅಂತ ಗುತ್ತಿಗೆಗೆ ತಗೊಂಡ್ರು, ಎರಡು ವರ್ಷಕ್ಕೊಮ್ಮೆ ಅದು 5 ಪರ್ಸೆಂಟ್ ಏರುತ್ತೆ. ಮಳೆ ಕೈಕೊಟ್ಟು ಕಡಲೆಕಾಯಿ ಕೈಗೆ ಬರದೇ ಇದ್ದ ವರ್ಷಗಳನ್ನ ಕಂಡವರಿಗೆ ಅದು ನಿಜಕ್ಕೂ ದೊಡ್ಡ ಆಸರೆ. ಆದ್ರೆ ಗುತ್ತಿಗೆ ದುಡ್ಡು ಬರೋದು ಪಹಣಿಯಲ್ಲಿ ಹೆಸರಿರೋರಿಗೆ. ಆ ಹೊಲದಲ್ಲಿ ಕಳೆ ಕೀಳೋಕೆ ಹೋಗ್ತಿದ್ದ ಜಮೀನಿಲ್ಲದ ಹೆಣ್ಣುಮಗಳು, ಅಲ್ಲೇ ಕುರಿ ಮೇಯಿಸ್ತಿದ್ದ ಮನೆಯವರು, ಇವರು ಯಾವ ಕಾಲಮ್ಮಿನಲ್ಲಿ ಬರ್ತಾರೆ? ಎಂಬಿಎ ಪ್ರಾಜೆಕ್ಟಿಗೆ, ಪರಿಸರ ವಿಜ್ಞಾನದ ಪಿಎಚ್‌ಡಿಗೆ ಅಂತ ಪಾವಗಡಕ್ಕೆ ಹೋಗೋ ಮಕ್ಕಳಿಗೆ ನಾನು ಕೇಳ್ಕೊಳೋದು ಇಷ್ಟೇ: ಪ್ಯಾನೆಲ್ ಎಷ್ಟು ಯೂನಿಟ್ ಕೊಡುತ್ತೆ ಅನ್ನೋದು ಕಂಪ್ಯೂಟರಲ್ಲಿ ಸಿಗುತ್ತೆ, ನೀವು ತಿರುಮಣಿ, ವಳ್ಳೂರು ಕಡೆ ಊರೊಳಗೆ ಹೋಗಿ, ಗುತ್ತಿಗೆ ದುಡ್ಡು ಬರದ ಮನೆಗಳ ಪಟ್ಟಿ ಮಾಡಿ, ಮೊದಲು ವರ್ಷಕ್ಕೆ ಎಷ್ಟು ದಿನ ಕೂಲಿ ಸಿಗ್ತಿತ್ತು, ಈಗ ಎಷ್ಟು, ಸೌದೆ ಎಲ್ಲಿಂದ ಬರ್ತಿದೆ, ಕುರಿ ಎಲ್ಲಿಗೆ ಹೊಡ್ಕೊಂಡು ಹೋಗ್ತಾರೆ ಅಂತ ಒಂದೊಂದೇ ಕೇಳಿ ಬರ್ಕೊಳ್ಳಿ, ಆಮೇಲೆ ಅವರಿಗೆ ಏನು ಬೇಕು ಅಂತಲೂ ಕೇಳಿ. ನಮಸ್ಕಾರ.